ನಿಮ್ಮಂಥ ನೂರು ಮಂದಿ: ಹೃದಯದ ಅಪಾಯದ ಲೆಕ್ಕ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು 61 ವರ್ಷದ ನಿವೃತ್ತ ಶಿಕ್ಷಕ. ಕಳೆದ ತಿಂಗಳು ಆರೋಗ್ಯ ತಪಾಸಣೆ ಮಾಡಿಸಿಕೊಂಡಾಗ ವರದಿಯ ಕೊನೆಯ ಪುಟದಲ್ಲಿ ‘ಮುಂದಿನ 10 ವರ್ಷಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಶೇ 14’ ಎಂದು ಮುದ್ರಿಸಿದ್ದರು. ಅವೇ ಅಂಕಿಗಳನ್ನು ಮಗ ತನ್ನ ಮೊಬೈಲಿನ ಆ್ಯಪ್ ಒಂದಕ್ಕೆ ಹಾಕಿದಾಗ ಶೇ 7 ಎಂದು ಬಂತು. ಎರಡರಲ್ಲಿ ಯಾವುದು ನಿಜ? ಅಂದಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.
— ಓದುಗರು, ಧಾರವಾಡ

ಉತ್ತರ: ಮೊದಲು ಆ ಸಂಖ್ಯೆಯ ಅರ್ಥವನ್ನು ತಿಳಿದುಕೊಳ್ಳೋಣ. ಶೇ 14 ಎಂದರೆ ನಿಮ್ಮ ಹೃದಯದ ಅಷ್ಟು ಭಾಗ ಕೆಟ್ಟಿದೆ ಎಂದಲ್ಲ, ರಕ್ತನಾಳ ಅಷ್ಟು ಕಟ್ಟಿಕೊಂಡಿದೆ ಎಂದೂ ಅಲ್ಲ. ನಿಮ್ಮದೇ ವಯಸ್ಸಿನ, ನಿಮ್ಮಷ್ಟೇ ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ ಇರುವ, ಬೀಡಿ ಸಿಗರೇಟಿನ ವಿಷಯದಲ್ಲೂ ನಿಮ್ಮಂತೆಯೇ ಇರುವ ನೂರು ಗಂಡಸರನ್ನು ನಿಮ್ಮ ಶಾಲೆಯ ಮೈದಾನದಲ್ಲಿ ನಿಲ್ಲಿಸಿ, ಹತ್ತು ವರ್ಷ ಬಿಟ್ಟು ಮತ್ತೆ ಹಾಜರಿ ತೆಗೆದುಕೊಂಡರೆ, ಅಷ್ಟರಲ್ಲಿ ಅವರ ಪೈಕಿ ಸುಮಾರು 14 ಮಂದಿ ಹೃದಯಾಘಾತಕ್ಕೋ ಪಾರ್ಶ್ವವಾಯುವಿಗೋ ತುತ್ತಾಗಿರುತ್ತಾರೆ, 86 ಮಂದಿ ಆಗಿರುವುದಿಲ್ಲ ಎಂಬುದು ಆ ಮಾತಿನ ಅರ್ಥ. ನೀವು ಆ 14ರಲ್ಲಿ ಇರುತ್ತೀರೋ 86ರಲ್ಲಿ ಇರುತ್ತೀರೋ ಎಂಬುದನ್ನು ಹೇಳುವ ಸೂತ್ರ ಇದುವರೆಗೆ ಬಂದಿಲ್ಲ. ಇದು ಗುಂಪಿನ ಲೆಕ್ಕ. ವರದಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಮುದ್ರಿಸಿದ ಮಾತ್ರಕ್ಕೆ ಅದು ನಿಮ್ಮೊಬ್ಬರ ಜಾತಕವಾಗುವುದಿಲ್ಲ.

ಈ ಬಗೆಯ ಲೆಕ್ಕ ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಚಿಕ್ಕ ಪಟ್ಟಣದಲ್ಲಿ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್‌ನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ ದಿನ ಅವರ ರಕ್ತದೊತ್ತಡ 300/190 ಎಂದು ದಾಖಲಾಗಿತ್ತು. ವಯಸ್ಸಾದಂತೆ ಬಿಪಿ ಏರುವುದು ಸಹಜ, ಅದರಿಂದ ಕೆಡುಕಿಲ್ಲ ಎಂದು ಬಹಳಷ್ಟು ವೈದ್ಯರು ನಂಬಿದ್ದ ಕಾಲವದು. 1948ರಲ್ಲಿ ಆರಂಭವಾದ ಅಧ್ಯಯನದಲ್ಲಿ ಆ ಪಟ್ಟಣದ 5,209 ಗಂಡಸರು ಮತ್ತು ಹೆಂಗಸರು ಪಾಲ್ಗೊಂಡರು. ಎರಡು ವರ್ಷಕ್ಕೊಮ್ಮೆ ಅವರನ್ನು ಪರೀಕ್ಷಿಸಿ, ಯಾರಿಗೆ ಯಾವಾಗ ಏನಾಯಿತು ಎಂದು ಬರೆದಿಡುತ್ತ ಹೋದರು. ಇಂದು ನಾವು ದಿನನಿತ್ಯ ಬಳಸುವ ‘ಅಪಾಯದ ಅಂಶ’ ಎಂಬ ಮಾತು ಬಳಕೆಗೆ ಬಂದದ್ದೇ 1961ರ ಅವರ ವರದಿಯ ನಂತರ.

ಆದರೆ ದಾಖಲೆ ಸಿಕ್ಕಿದ ಮಾತ್ರಕ್ಕೆ ಲೆಕ್ಕ ಸಿಗಲಿಲ್ಲ. ವಯಸ್ಸು, ಕೊಲೆಸ್ಟ್ರಾಲ್, ಬಿಪಿ, ತೂಕ, ಸಿಗರೇಟು ಮೊದಲಾದ ಏಳು ಅಂಶಗಳನ್ನು ತಲಾ ಮೂರು ಮಟ್ಟಗಳಾಗಿ ವಿಂಗಡಿಸಿದರೆ 2,187 ಮನೆಗಳ ಕೋಷ್ಟಕವಾಗುತ್ತದೆ. 5,209 ಜನರನ್ನು ಅದರಲ್ಲಿ ಹಂಚಿದರೆ ಮನೆಗೆ ಇಬ್ಬರು ಮೂವರು ಬೀಳುತ್ತಾರೆ, ಎಷ್ಟೋ ಮನೆಗಳು ಖಾಲಿಯೇ ಉಳಿಯುತ್ತವೆ. ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ಈ ಗಂಟನ್ನು ಬಿಡಿಸಿದರು. ಪ್ರತಿ ಅಂಶಕ್ಕೂ ಅದರ ಪ್ರಭಾವಕ್ಕೆ ತಕ್ಕ ಒಂದು ತೂಕ ಕೊಟ್ಟು, ಎಲ್ಲವನ್ನೂ ಕೂಡಿ, ಬಂದ ಮೊತ್ತವನ್ನು ಸೊನ್ನೆಯಿಂದ ಒಂದರೊಳಗಿನ ಸಂಭವನೀಯತೆಯಾಗಿ ಬದಲಿಸುವ ಲಾಜಿಸ್ಟಿಕ್ ಸೂತ್ರವನ್ನು ಅವರೂ ಅವರ ಸಹೋದ್ಯೋಗಿಗಳೂ 1967ರಲ್ಲಿ 12 ವರ್ಷಗಳ ಫ್ರೇಮಿಂಗ್‌ಹ್ಯಾಮ್ ದಾಖಲೆಗೆ ಅನ್ವಯಿಸಿದರು. ನಿಮ್ಮ ವರದಿಯ ಶೇ 14 ಯಾವ ಕಂಪ್ಯೂಟರಿನಿಂದ ಬಂದಿದ್ದರೂ ಅದರ ವಂಶವೃಕ್ಷದ ಬೇರು ಅಲ್ಲಿದೆ.

ಇನ್ನು ಎರಡು ಉತ್ತರ ಬಂದದ್ದೇಕೆ ಎಂಬ ಪ್ರಶ್ನೆ. ಒಂದು ಸೂತ್ರ ಹೃದಯಾಘಾತವನ್ನು ಮಾತ್ರ ಎಣಿಸುತ್ತದೆ, ಇನ್ನೊಂದು ಪಾರ್ಶ್ವವಾಯುವನ್ನೂ ಸೇರಿಸುತ್ತದೆ. 2003ರ ಯುರೋಪಿನ ‘ಸ್ಕೋರ್’ ಪಟ್ಟಿ ಸಾವುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಎಣಿಸುವ ವಸ್ತುವೇ ಬೇರೆಯಾದಾಗ ಸಂಖ್ಯೆ ಒಂದೇ ಇರುವುದು ಹೇಗೆ? ಯಾವ ದೇಶದ ಜನರ ಮೇಲೆ, ಯಾವ ದಶಕದಲ್ಲಿ ಸೂತ್ರ ಕಟ್ಟಿದರು ಎಂಬುದೂ ಅಷ್ಟೇ ಮುಖ್ಯ. ಇದೆಲ್ಲ ಒಂದೇ ಇದ್ದಾಗಲೂ ವ್ಯತ್ಯಾಸ ಉಳಿಯುತ್ತದೆ ಎಂಬುದು 2020ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಿಂದ ಸ್ಪಷ್ಟವಾಯಿತು. 36 ಲಕ್ಷ ಜನರ ದಾಖಲೆಯ ಮೇಲೆ 19 ಬಗೆಯ ಸಂಖ್ಯಾಶಾಸ್ತ್ರೀಯ ಮತ್ತು ಯಂತ್ರಕಲಿಕೆಯ (ದಾಖಲೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನದ) ಮಾದರಿಗಳನ್ನು ಓಡಿಸಿ ನೋಡಿದಾಗ, ಇಡೀ ಜನಸಮೂಹದ ಮಟ್ಟದಲ್ಲಿ ಎಲ್ಲವೂ ಸರಿಸುಮಾರು ಒಂದೇ ಯೋಗ್ಯತೆಯವಾಗಿ ಕಂಡವು. ಆದರೆ ‘ಕ್ಯೂರಿಸ್ಕ್3’ ಎಂಬ ಪ್ರಮಾಣಿತ ಸೂತ್ರ ಶೇ 10ರ ಆಸುಪಾಸಿನ ಅಪಾಯ ಎಂದು ಹೇಳಿದ ವ್ಯಕ್ತಿಗಳಿಗೆ, ಯಂತ್ರಕಲಿಕೆಯ ಮಾದರಿಗಳ ಪೈಕಿ, ರ‍್ಯಾಂಡಮ್ ಫಾರೆಸ್ಟ್ ಮಾದರಿ ಶೇ 2.9ರಿಂದ 9.2ರವರೆಗೆ, ನ್ಯೂರಲ್ ನೆಟ್‌ವರ್ಕ್ ಶೇ 2.4ರಿಂದ 7.2ರವರೆಗೆ ಹೇಳಿತು. ಹಾಗಾಗಿ ನಿಮ್ಮ 14 ಮತ್ತು 7ರ ಅಂತರ ಯಾರದೋ ತಪ್ಪಿನಿಂದಲೇ ಆದದ್ದು ಎಂದು ತಿಳಿಯಬೇಕಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಭಾರತದಲ್ಲಿರುವವರು ವಿಶ್ವ ಆರೋಗ್ಯ ಸಂಸ್ಥೆಯ 2019ರ ದಕ್ಷಿಣ ಏಷ್ಯಾ ಪಟ್ಟಿಯಲ್ಲಿ ತಮ್ಮ ಸ್ಥಾನ ನೋಡಿಕೊಳ್ಳುವುದು ಅನಾಮಧೇಯ ಆ್ಯಪ್ ನಂಬುವುದಕ್ಕಿಂತ ಮೇಲು. ವೈದ್ಯರ ಬಳಿ ಎರಡೂ ವರದಿ ಒಯ್ದು ಆ ಪಟ್ಟಿಯನ್ನು ಒಟ್ಟಿಗೆ ನೋಡಿರಿ. ನಿಮ್ಮ ವಯಸ್ಸಿನಲ್ಲಿ ಆ ಸಂಖ್ಯೆಯ ದೊಡ್ಡ ಪಾಲು ವಯಸ್ಸಿನಿಂದಲೇ ಬಂದಿರುತ್ತದೆ, ಅದನ್ನು ಬದಲಿಸಲಾಗದು. ಬದಲಿಸಬಹುದಾದ ಬಿಪಿ, ತಂಬಾಕು, ಸಕ್ಕರೆ, ಕೊಲೆಸ್ಟ್ರಾಲ್‌ಗಳ ಪಾಲು ಎಷ್ಟು ಎಂದು ವೈದ್ಯರನ್ನು ಕೇಳಿರಿ. ಶೇ 7 ನಿಜವಾಗಿದ್ದರೂ ಆ ಪ್ರಶ್ನೆ ಕೇಳಲೇಬೇಕಾಗಿತ್ತು.

ಪ್ರಶ್ನೆ: 2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದಿಂದ 20ಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು, ಸತ್ತರೆಂಬ ಸುದ್ದಿ ದಿನವೂ ಬರುತ್ತಿತ್ತು. ನನ್ನ ತಮ್ಮನಿಗೆ 32 ವರ್ಷ. ಕೃತಕ ಬುದ್ಧಿಮತ್ತೆ ಇಷ್ಟು ಮುಂದುವರಿದಿರುವಾಗ ಇಂಥ ಸಾವನ್ನು ಮೊದಲೇ ತಿಳಿಯಲು ಯಾಕೆ ಆಗುತ್ತಿಲ್ಲ?
— ಓದುಗರು, ಹಾಸನ

ಉತ್ತರ: ಆ ದಿನಗಳಲ್ಲಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವವೇ ಜನ ಸಾಲುಗಟ್ಟಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಆ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. ಹೃದಯಾಘಾತ ನಮ್ಮವರಿಗೆ ಬೇಗ ಬರುತ್ತದೆ ಎಂಬುದಕ್ಕೆ ಆಧಾರವಿದೆ: 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53 ಇತ್ತು, ಉಳಿದವರಲ್ಲಿ ಸುಮಾರು 59.

ಆದರೂ ‘20ಕ್ಕೂ ಹೆಚ್ಚು ಸಾವು’ ಎಂಬ ಸಂಖ್ಯೆ ಒಂಟಿಯಾಗಿ ನಿಂತಾಗ ಅದರಿಂದ ಏನನ್ನೂ ತೀರ್ಮಾನಿಸಲಾಗದು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಅಷ್ಟು ಜನರಲ್ಲಿ ಅದರ ಹಿಂದಿನ ವರ್ಷದ ಅದೇ ತಿಂಗಳುಗಳಲ್ಲಿ, ಅದೇ ವಯಸ್ಸಿನವರಲ್ಲಿ, ಅದೇ ರೀತಿ ಎಣಿಸಿದಾಗ ಎಷ್ಟು ಸಾವು ಆಗಿತ್ತು ಎಂಬುದು ಪಕ್ಕದಲ್ಲಿ ಇರಬೇಕು. ಸುದ್ದಿಯ ಗಮನ ಒಂದು ಜಿಲ್ಲೆಯ ಮೇಲೆ ನೆಟ್ಟಾಗ, ಮೊದಲು ಸ್ಥಳೀಯ ಪುಟದ ಮೂಲೆಯಲ್ಲಿ ಬರುತ್ತಿದ್ದ ಅಥವಾ ಬಾರದೆಯೇ ಹೋಗುತ್ತಿದ್ದ ಸಾವುಗಳೂ ಎಣಿಕೆಗೆ ಸೇರುತ್ತವೆ.

ಇನ್ನು ಮುಂಚಿತವಾಗಿ ತಿಳಿಯುವ ವಿಷಯ. ಒಂದು ಊಹೆಯ ಲೆಕ್ಕ ಮಾಡೋಣ. 30ರ ಆಸುಪಾಸಿನ 10,000 ಮಂದಿಯಲ್ಲಿ ಒಂದು ವರ್ಷದಲ್ಲಿ 10 ಮಂದಿಗೆ ಹೃದಯಾಘಾತವಾಗುತ್ತದೆ ಎಂದುಕೊಳ್ಳಿ. ಆಗಲಿರುವವರಲ್ಲಿ ಶೇ 90 ಮಂದಿಯನ್ನು ಹಿಡಿಯುವ, ಆಗದವರಲ್ಲಿ ಶೇ 10 ಮಂದಿಯ ಮೇಲೆ ಮಾತ್ರ ಸುಳ್ಳು ಗಂಟೆ ಬಾರಿಸುವ ಒಂದು ಮಾದರಿ ನಮ್ಮಲ್ಲಿದೆ ಎಂದೂ ಇಟ್ಟುಕೊಳ್ಳಿ. ಅಷ್ಟು ಒಳ್ಳೆಯ ಮಾದರಿಯನ್ನು ನಾನಂತೂ ಕಂಡಿಲ್ಲ. ಅದು 10ರಲ್ಲಿ 9 ಮಂದಿಯನ್ನು ಹಿಡಿಯುತ್ತದೆ, ಜೊತೆಗೆ ಉಳಿದ 9,990ರಲ್ಲಿ 999 ಮಂದಿಯನ್ನೂ ಹಿಡಿಯುತ್ತದೆ. ಅಂದರೆ ‘ಅಪಾಯ’ ಎಂದು ಚೀಟಿ ಪಡೆದ 1,008 ಮಂದಿಯಲ್ಲಿ ನಿಜವಾಗಿ ಅಪಾಯದಲ್ಲಿದ್ದವರು 9. ಉಳಿದವರು ಆಂಜಿಯೋಗ್ರಾಮ್‌ಗಾಗಿ ಸಾಲ ಮಾಡುತ್ತಾರೆ, ಮದುವೆ ಮುಂದೂಡುತ್ತಾರೆ, ಕೆಲಸ ಬಿಡುತ್ತಾರೆ. ವಿರಳವಾದ ಘಟನೆಯನ್ನು ಒಬ್ಬೊಬ್ಬರಲ್ಲಿ ಗುರುತಿಸುವುದು ಇಷ್ಟು ಕಷ್ಟವಾಗುವುದು ಯಂತ್ರದ ಬುದ್ಧಿ ಸಾಲದೆ ಅಲ್ಲ, ಭಾಗಾಕಾರದ ಕಾರಣದಿಂದ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ನಿಮ್ಮ ತಮ್ಮನ ಮಟ್ಟಿಗೆ ಅದೇ ಮುಖ್ಯ. 10 ವರ್ಷದ ಸೂತ್ರಕ್ಕೆ ಸಿಗರೇಟು ಸೇದುವ, ಬಿಪಿ ಇರುವ 32ರ ಯುವಕನನ್ನು ತೋರಿಸಿದರೂ ವಯಸ್ಸು ಕಡಿಮೆ ಎಂಬ ಕಾರಣಕ್ಕೆ ಅದು ಸಣ್ಣ ಸಂಖ್ಯೆಯನ್ನೇ ಕೊಡುತ್ತದೆ, ಅವನು ನಿಶ್ಚಿಂತನಾಗಿ ಮನೆಗೆ ಹೋಗುತ್ತಾನೆ. ಈ ಕೊರತೆಯನ್ನು ಕಂಡೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೊರತಂದ ‘ಪ್ರಿವೆಂಟ್’ ಸೂತ್ರಗಳು 30ನೆಯ ವಯಸ್ಸಿನಿಂದ ಆರಂಭವಾಗಿ 30 ವರ್ಷಗಳ ಅಪಾಯವನ್ನೂ ಹೇಳುತ್ತವೆ. ತಮ್ಮನ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಒಮ್ಮೆ ಪರೀಕ್ಷಿಸಿ. ಮನೆಯಲ್ಲಿ ತಂದೆಗೋ ಚಿಕ್ಕಪ್ಪನಿಗೋ ಬೇಗ ಹೃದಯಾಘಾತವಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ತಂಬಾಕು ಇದ್ದರೆ ಬಿಡಿಸಿ. ಎದೆ ಬಿಗಿತ, ಎಡ ತೋಳಿಗೋ ದವಡೆಗೋ ಹರಿಯುವ ನೋವು, ಬೆವರು ಕಾಣಿಸಿದಾಗ ಯಾವ ಸೂತ್ರವನ್ನೂ ಕೇಳದೆ ಹತ್ತಿರದ ಆಸ್ಪತ್ರೆಗೆ ಓಡಬೇಕು.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದ ವಿದ್ಯಾರ್ಥಿನಿ. ನಮ್ಮ ತಂಡ ಹೃದಯರೋಗವನ್ನು ಮುಂಚಿತವಾಗಿ ಹೇಳುವ ಪ್ರಾಜೆಕ್ಟ್ ಮಾಡಿದ್ದು, ಅಂತರ್ಜಾಲದಲ್ಲಿ ಸಿಗುವ 1,025 ಸಾಲುಗಳ ಡೇಟಾದ ಮೇಲೆ ರ‍್ಯಾಂಡಮ್ ಫಾರೆಸ್ಟ್ ಶೇ 99 ನಿಖರತೆ ಕೊಟ್ಟಿದೆ. ಇದನ್ನು ಆ್ಯಪ್ ಆಗಿ ಮಾಡಿ ನಮ್ಮ ತಾಲ್ಲೂಕು ಆಸ್ಪತ್ರೆಗೆ ಕೊಡಬಹುದೇ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ದಯವಿಟ್ಟು ಈಗಲೇ ಕೊಡಬೇಡಿ. ಕಾರಣ ಹೇಳುತ್ತೇನೆ, ಬೇಸರಿಸದೆ ಓದಿ.

ನೀವು ಬಳಸಿದ 1,025 ಸಾಲುಗಳಲ್ಲಿ ಪುನರಾವರ್ತನೆಯನ್ನು ತೆಗೆದರೆ ಉಳಿಯುವುದು 302. ನೀವೇ ಒಂದು ಸಾಲಿನ ಆಜ್ಞೆ ಕೊಟ್ಟು ನೋಡಿಕೊಳ್ಳಬಹುದು. ಡೇಟಾವನ್ನು ಕಲಿಕೆಗೆ ಒಂದು ಭಾಗ, ಪರೀಕ್ಷೆಗೆ ಇನ್ನೊಂದು ಭಾಗ ಎಂದು ನೀವು ವಿಂಗಡಿಸಿದಾಗ ಅದೇ ರೋಗಿಯ ಒಂದು ಪ್ರತಿ ಇತ್ತ, ಇನ್ನೊಂದು ಪ್ರತಿ ಅತ್ತ ಬಿದ್ದಿದೆ. ಮೊದಲೇ ಉತ್ತರ ತೋರಿಸಿದ ಪ್ರಶ್ನೆಗಳನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಶೇ 99 ಬರುವುದು ಸಹಜ. ನಕಲುಗಳನ್ನು ತೆಗೆದು ಮತ್ತೆ ಓಡಿಸಿ. ಬರುವ ಸಂಖ್ಯೆ ಚಿಕ್ಕದಾಗಿರುತ್ತದೆ, ಆದರೆ ಅದು ನಿಮ್ಮ ಮಾದರಿಯ ನಿಜವಾದ ಯೋಗ್ಯತೆಗೆ ಬಹಳ ಹತ್ತಿರವಿರುತ್ತದೆ.

ಎರಡನೆಯದು ಇನ್ನೂ ಆಳವಾದ ತೊಡಕು. ಈ ದಾಖಲೆಯ ಮೂಲ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 1980ರ ದಶಕದ ಆರಂಭದಲ್ಲಿ ಆಂಜಿಯೋಗ್ರಾಮ್‌ಗೆ ಬಂದ 303 ರೋಗಿಗಳದು. ಅದರಲ್ಲಿ ಉತ್ತರವಾಗಿ ಕೊಟ್ಟಿರುವುದು ಮುಂದೆ ಹೃದಯಾಘಾತವಾಯಿತೇ ಎಂಬುದನ್ನಲ್ಲ; ಆ ದಿನ ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿತ್ತೇ ಎಂಬುದನ್ನು. ಈಗಾಗಲೇ ಎದೆನೋವಿನ ಅನುಮಾನದ ಮೇಲೆ ಆಸ್ಪತ್ರೆ ಸೇರಿದವರ ರೋಗನಿದಾನ ಒಂದು ಕೆಲಸ, ಆರೋಗ್ಯವಾಗಿ ಓಡಾಡುತ್ತಿರುವವರ ಮುಂದಿನ ಹತ್ತು ವರ್ಷಗಳ ಅಪಾಯ ಹೇಳುವುದು ಬೇರೊಂದು ಕೆಲಸ. ನಿಮ್ಮ ಆ್ಯಪ್‌ನಲ್ಲಿ ತಾಲ್ಲೂಕು ಆಸ್ಪತ್ರೆಯ ಹೊರರೋಗಿಯೊಬ್ಬರ ವಿವರ ಹಾಕಿದರೆ, ಅದು ಅವರನ್ನು ಆ 303 ಮಂದಿಯ ಸಾಲಿನಲ್ಲಿ ನಿಲ್ಲಿಸಿ ಉತ್ತರ ಕೊಡುತ್ತದೆ.

ನಿಜವಾದ ಮುನ್ಸೂಚನೆಯ ಅಭ್ಯಾಸ ಬೇಕಿದ್ದರೆ ಅಂತರ್ಜಾಲದಲ್ಲೇ ಸಿಗುವ ಫ್ರೇಮಿಂಗ್‌ಹ್ಯಾಮ್‌ನ 4,240 ಸಾಲುಗಳ ಕಡತ ಬಳಸಿ. ಅದರಲ್ಲಿ 10 ವರ್ಷಗಳಲ್ಲಿ ಹೃದಯರೋಗ ಬಂದವರು 644. ‘ಯಾರಿಗೂ ಬರುವುದಿಲ್ಲ’ ಎಂದು ಕಣ್ಣುಮುಚ್ಚಿ ಹೇಳಿದರೂ ಶೇ 84.8 ನಿಖರತೆ ಬರುತ್ತದೆ! ಆದುದರಿಂದಲೇ ಈ ಕ್ಷೇತ್ರದಲ್ಲಿ ಬರಿಯ ನಿಖರತೆಯ ಶೇಕಡಾವಾರಿಗೆ ಬೆಲೆಯಿಲ್ಲ. ಎರಡು ಬೇರೆ ಪರೀಕ್ಷೆಗಳು ಬೇಕು. ರೋಗ ಬಂದ ಒಬ್ಬರನ್ನೂ ಬಾರದ ಒಬ್ಬರನ್ನೂ ಜೋಡಿ ಮಾಡಿ ತೋರಿಸಿದಾಗ ಮಾದರಿ ಎಷ್ಟು ಸಲ ಮೊದಲಿನವರಿಗೆ ಹೆಚ್ಚು ಅಪಾಯ ಕೊಡುತ್ತದೆ ಎಂಬುದು ಒಂದು. ಇದನ್ನು ಎಯುಸಿ ಎನ್ನುತ್ತಾರೆ, 0.5 ಎಂದರೆ ನಾಣ್ಯ ಚಿಮ್ಮಿದ ಹಾಗೆ, 1 ಎಂದರೆ ಪರಿಪೂರ್ಣ. ಶೇ 10 ಅಪಾಯ ಎಂದು ಹೇಳಿದ ನೂರು ಜನರಲ್ಲಿ ನಿಜಕ್ಕೂ ಹತ್ತು ಮಂದಿಗೆ ಬಂತೇ ಎಂಬುದು ಇನ್ನೊಂದು, ಇದು ಕ್ಯಾಲಿಬ್ರೇಷನ್. ನಮ್ಮ ತಕ್ಕಡಿಗಳನ್ನು ಕಾಲಕಾಲಕ್ಕೆ ಅಳತೆ ಇಲಾಖೆಯವರು ಸರಿನೋಡಿ ಮುದ್ರೆ ಒತ್ತುತ್ತಾರಲ್ಲ, ಅಂಥದೇ ಕೆಲಸ. ವಿದ್ಯಾರ್ಥಿಗಳ ವರದಿಗಳಲ್ಲಿ ಮೊದಲನೆಯದು ಅಪರೂಪಕ್ಕೆ ಕಾಣುತ್ತದೆ, ಎರಡನೆಯದನ್ನು ನಾನು ಕಂಡೇ ಇಲ್ಲವೆನ್ನಬಹುದು. ಹತ್ತು ವರ್ಷ ತುಂಬುವ ಮೊದಲೇ ಊರು ಬಿಟ್ಟು ಹೋದವರನ್ನು ‘ರೋಗ ಬಾರದವರು’ ಎಂದು ಎಣಿಸಿದರೆ ಮಾದರಿ ಅಪಾಯವನ್ನು ಕಡಿಮೆ ಮಾಡಿ ಹೇಳುತ್ತದೆ ಎಂಬುದನ್ನೂ ನೆನಪಿಡಿ. ಅಂಥವರನ್ನು ಸರಿಯಾಗಿ ಲೆಕ್ಕಕ್ಕೆ ಸೇರಿಸುವ ದಾರಿಯನ್ನು ಡೇವಿಡ್ ಕಾಕ್ಸ್ 1972ರಲ್ಲೇ ತೋರಿಸಿಕೊಟ್ಟಿದ್ದಾರೆ.

ಯಂತ್ರಕಲಿಕೆಯಿಂದ ಲಾಭವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2017ರಲ್ಲಿ ಬ್ರಿಟನ್ನಿನ 3,78,256 ಜನರ ದಾಖಲೆಯ ಮೇಲೆ ನಡೆದ ಅಧ್ಯಯನದಲ್ಲಿ ಅಮೆರಿಕದ ಪ್ರಮಾಣಿತ ಸೂತ್ರದ ಎಯುಸಿ 0.728 ಇದ್ದರೆ ನ್ಯೂರಲ್ ನೆಟ್‌ವರ್ಕ್‌ನದು 0.764 ಆಯಿತು, ಪರೀಕ್ಷೆಗೆ ಇಟ್ಟಿದ್ದ 82,989 ಮಂದಿಯಲ್ಲಿ ರೋಗ ಬರಲಿದ್ದ 355 ಮಂದಿಯನ್ನು ಅದು ಹೆಚ್ಚುವರಿಯಾಗಿ ಗುರುತಿಸಿತು. ಇತ್ತ 2019ರಲ್ಲಿ ವೈದ್ಯಕೀಯ ಮುನ್ಸೂಚನೆಯ 71 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರಿಗೆ, ಪಕ್ಷಪಾತವಿಲ್ಲದ ಹೋಲಿಕೆಗಳಲ್ಲಿ ಯಂತ್ರಕಲಿಕೆ ಸಾದಾ ಲಾಜಿಸ್ಟಿಕ್ ಸೂತ್ರವನ್ನು ಮೀರಿದ್ದು ಕಾಣಲಿಲ್ಲ. ಬಿಪಿ, ವಯಸ್ಸು, ಸಕ್ಕರೆಯಂಥ ಹತ್ತು ಹದಿನೈದು ಅಂಕಿಗಳಷ್ಟೇ ಇರುವಾಗ ಹಳೆಯ ಸೂತ್ರ ಸಾಕು. ಚಿತ್ರ, ಇಸಿಜಿ ಅಲೆ, ವರ್ಷಗಟ್ಟಲೆಯ ಚೀಟಿಗಳ ರಾಶಿ ಇದ್ದಾಗ ಹೊಸ ವಿಧಾನಕ್ಕೆ ಕೆಲಸವಿದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಹಾವೇರಿಯವನು, 15 ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಇಲ್ಲಿಯ ವೈದ್ಯರು ಕ್ಯೂರಿಸ್ಕ್ ಲೆಕ್ಕ ಹಾಕುವಾಗ ಜನಾಂಗದ ಜಾಗದಲ್ಲಿ ‘ಭಾರತೀಯ’ ಎಂದು ತುಂಬಿದೊಡನೆ ಅಪಾಯ ಹೆಚ್ಚಾಯಿತು. ಇದು ತಾರತಮ್ಯವಲ್ಲವೇ?
— ಓದುಗರು, ಲೆಸ್ಟರ್

ಉತ್ತರ: ಅಲ್ಲಿಯ ಕುಟುಂಬ ವೈದ್ಯರ ಲಕ್ಷಾಂತರ ದಾಖಲೆಗಳಲ್ಲಿ ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದವರಿಗೆ ಉಳಿದ ಅಂಶಗಳು ಸಮವಾಗಿದ್ದಾಗಲೂ ಹೃದಯರೋಗ ಹೆಚ್ಚು ಬಂದದ್ದನ್ನು ಕಂಡು ಆ ಸೂತ್ರದಲ್ಲಿ ಅದನ್ನು ಸೇರಿಸಿದ್ದಾರೆ. ಹಾಗೆ ಸೇರಿಸದಿದ್ದರೆ ನಿಮಗೆ ಸಿಗಬೇಕಾದ ಔಷಧಿ ತಡವಾಗಿ ಸಿಗುತ್ತಿತ್ತು. ಶೇ 10 ದಾಟಿದವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಮಾತಾಡಬೇಕೆಂಬುದು ಅಲ್ಲಿಯ ಮಾರ್ಗಸೂಚಿ. ಹಾಗಾಗಿ ನಿಮ್ಮ ವಿಷಯದಲ್ಲಿ ಅದು ಅನುಕೂಲವೇ.

ಆದರೆ ನಿಮ್ಮ ಅಸಮಾಧಾನದಲ್ಲಿ ಸತ್ಯವಿಲ್ಲದೆ ಇಲ್ಲ. ‘ಭಾರತೀಯ’ ಎಂಬ ಒಂದು ಪದದೊಳಗೆ ಪಂಜಾಬಿನವರು, ಗುಜರಾತಿನವರು, ಪೂರ್ವ ಆಫ್ರಿಕಾದಿಂದ ಬಂದವರು, ಹಾವೇರಿಯ ರೊಟ್ಟಿ ತಿಂದು ಬೆಳೆದ ನೀವು ಎಲ್ಲರೂ ಅಡಗಿದ್ದೀರಿ. ಜನಾಂಗವೆಂಬುದು ರಕ್ತದ ಗುಣವೋ, ಬಡತನ, ಆಹಾರ, ದುಡಿಮೆಯ ಅವಧಿಗಳ ಗುರುತೋ ಎಂಬ ವಾದ ಬಿಸಿಯಾಗಿಯೇ ಇದೆ. ಅಮೆರಿಕದವರು 2013ರ ಸೂತ್ರದಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಲೆಕ್ಕ ಇಟ್ಟಿದ್ದವರು, 2023ರ ‘ಪ್ರಿವೆಂಟ್’ನಲ್ಲಿ ಜನಾಂಗವನ್ನು ಪೂರ್ತಿ ಕೈಬಿಟ್ಟು ಮೂತ್ರಪಿಂಡದ ಕಾರ್ಯಕ್ಷಮತೆಯನ್ನು ಸೇರಿಸಿದರು.

ಪ್ರಶ್ನೆ: ನಾವು ಮನೆಮನೆಗೆ ಹೋಗಿ 30 ವರ್ಷ ಮೇಲ್ಪಟ್ಟವರ ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆಯವರ ಕಾಯಿಲೆ ಕೇಳಿ ಫಾರ್ಮ್‌ನಲ್ಲಿ ಅಂಕ ಹಾಕುತ್ತೇವೆ. 4ಕ್ಕಿಂತ ಹೆಚ್ಚು ಬಂದವರನ್ನು ಮೊದಲು ಕಳಿಸಬೇಕು. ಈ ಅಂಕವೂ ನೀವು ಹೇಳುವ ಲೆಕ್ಕವೂ ಒಂದೆಯೇ?
— ಆಶಾ ಕಾರ್ಯಕರ್ತೆ, ಕೊಪ್ಪಳ

ಉತ್ತರ: ಒಂದೇ ಮನೆತನದವು, ಆದರೆ ಕೆಲಸ ಬೇರೆ. ಅಂಶಕ್ಕೊಂದು ತೂಕ ಕೊಟ್ಟು ಕೂಡುವ ಉಪಾಯ ಎರಡರಲ್ಲೂ ಇದೆ. ನಿಮ್ಮ ಫಾರ್ಮ್‌ನ ಅಂಕ ಹತ್ತು ವರ್ಷದಲ್ಲಿ ಎಷ್ಟು ಜನಕ್ಕೆ ಕಾಯಿಲೆ ಬರುತ್ತದೆ ಎಂದು ಹೇಳುವುದಿಲ್ಲ; ಉಪಕೇಂದ್ರದ ತಪಾಸಣೆಗೆ ಯಾರು ಮೊದಲು ಹೋಗಬೇಕು ಎಂಬ ಸರದಿಯನ್ನು ಹೇಳುತ್ತದೆ. ಆದ್ದರಿಂದ 4 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ‘ನಿಮಗೇನೂ ಇಲ್ಲ’ ಎಂದು ಹೇಳಬೇಡಿ. ಅವರ ಬಿಪಿ, ಸಕ್ಕರೆಯನ್ನೂ ನೋಡಲೇಬೇಕು, ಸರದಿ ಸ್ವಲ್ಪ ಹಿಂದೆ ಅಷ್ಟೇ. ಸೊಂಟದ ಅಳತೆಯನ್ನು ಸೀರೆಯ ಮೇಲಿಂದ ಅಂದಾಜಿಗೆ ಬರೆಯದೆ ಟೇಪು ಹಿಡಿದು ಬರೆದರೆ ನೀವು ಮಾಡುವ ಉಪಕಾರ ದೊಡ್ಡದು, ಏಕೆಂದರೆ ಮೇಲೆ ಕುಳಿತು ಎಷ್ಟೇ ದೊಡ್ಡ ಕಂಪ್ಯೂಟರ್ ಓಡಿಸಿದರೂ ಅದಕ್ಕೆ ಸಿಗುವುದು ನೀವು ಬರೆದ ಅಂಕಿಯೇ.

ಪ್ರಶ್ನೆ: ಕಣ್ಣಿನ ಒಂದು ಫೋಟೋ ತೆಗೆದು ಹೃದಯಾಘಾತವನ್ನು ಹೇಳಬಹುದಂತೆ, ನಿಜವೇ?
— ಓದುಗರು, ಶಿವಮೊಗ್ಗ

ಉತ್ತರ: 2018ರಲ್ಲಿ ಗೂಗಲ್‌ನ ಸಂಶೋಧಕರು 2,84,335 ಜನರ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆಯ) ಚಿತ್ರಗಳ ಮೇಲೆ ಒಂದು ಮಾದರಿಗೆ ಕಲಿಸಿದರು. ಅದು ಬರಿಯ ಚಿತ್ರ ನೋಡಿ ವಯಸ್ಸನ್ನು ಸರಾಸರಿ ಮೂರೂಕಾಲು ವರ್ಷದ ವ್ಯತ್ಯಾಸದೊಳಗೆ ಹೇಳಿತು, ಗಂಡೋ ಹೆಣ್ಣೋ ಎಂಬುದನ್ನೂ ಬಹುಪಾಲು ಸರಿಯಾಗಿ ಹೇಳಿತು. ಕಣ್ಣಿನ ವೈದ್ಯರಿಗೂ ಆಗದ ಕೆಲಸವದು. ಆದರೆ ಮುಂದಿನ ಐದು ವರ್ಷಗಳ ಹೃದಯಾಘಾತವೇ ಮೊದಲಾದ ಘಟನೆಗಳ ವಿಷಯಕ್ಕೆ ಬಂದಾಗ ಅದರ ಎಯುಸಿ 0.70, ಹಳೆಯ ಯುರೋಪಿಯನ್ ಸ್ಕೋರ್‌ನದು 0.72. ಅಂದರೆ ರಕ್ತ ತೆಗೆಯದೆ ಬಹುಮಟ್ಟಿಗೆ ಅಷ್ಟೇ ಮಾಹಿತಿ ಸಿಕ್ಕಿತು, ಹೆಚ್ಚಿನದೇನೂ ಸಿಗಲಿಲ್ಲ. ವಯಸ್ಸು, ಬಿಪಿ, ಧೂಮಪಾನದ ಗುರುತುಗಳನ್ನು ಯಂತ್ರ ಕಣ್ಣಿನಲ್ಲಿ ಓದಿತು ಎಂದೇ ಅದನ್ನು ಅರ್ಥಮಾಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು ಹೇಗೂ ವರ್ಷಕ್ಕೊಮ್ಮೆ ಕಣ್ಣಿನ ಚಿತ್ರ ತೆಗೆಸಬೇಕಾಗಿರುವುದರಿಂದ ಮುಂದೆ ಇದು ಉಪಯೋಗಕ್ಕೆ ಬಂದೀತು.

ಪ್ರಶ್ನೆ: ನಾನು ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ನಮ್ಮ ಜನರಿಗಾಗಿ ನಮ್ಮದೇ ಸೂತ್ರ ಏಕಿಲ್ಲ? ನನ್ನ ಪ್ರಬಂಧದ ಮಿತಿಯಲ್ಲಿ ಏನಾದರೂ ಮಾಡಬಹುದೇ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ನಾನು ವರ್ಷಗಳಿಂದ ಕಾಯುತ್ತಿದ್ದ ಪ್ರಶ್ನೆಯಿದು. ನಮ್ಮಲ್ಲಿ ಕೆಲಸ ನಡೆದೇ ಇಲ್ಲವೆಂದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಹೋದ್ಯೋಗಿಗಳು 1996ರಲ್ಲಿ, ಮೊದಲ ಸಲ ಹೃದಯಾಘಾತವಾದ 200 ಮಂದಿಯನ್ನು ಆಗದ 200 ಮಂದಿಯೊಡನೆ ಹೋಲಿಸಿ, ಬೀಡಿ ಸಿಗರೇಟು, ಬಿಪಿ, ಸಕ್ಕರೆ, ಸೊಂಟದ ಬೊಜ್ಜು ಇವುಗಳ ಪಾತ್ರ ದೊಡ್ಡದು ಎಂದು ತೋರಿಸಿದರು. ಆದರೆ ಇಂಥ ಹೋಲಿಕೆಯಿಂದ ‘ಇದ್ದರೆ ಎಷ್ಟು ಪಟ್ಟು ಹೆಚ್ಚು’ ಎಂಬುದು ತಿಳಿಯುತ್ತದೆಯೇ ಹೊರತು ‘ನೂರಕ್ಕೆ ಎಷ್ಟು ಮಂದಿ’ ಎಂಬುದು ತಿಳಿಯುವುದಿಲ್ಲ. ರೋಗಿಗಳೆಷ್ಟು, ನಿರೋಗಿಗಳೆಷ್ಟು ಎಂಬುದನ್ನು ಇಲ್ಲಿ ಸಂಶೋಧಕರೇ ನಿಗದಿ ಮಾಡಿರುತ್ತಾರಲ್ಲ. ಆರೋಗ್ಯವಂತರನ್ನು ಹಿಡಿದು ವರ್ಷಾನುಗಟ್ಟಲೆ ಹಿಂಬಾಲಿಸಿದಾಗ ಮಾತ್ರ ಎರಡನೆಯದು ಸಿಗುತ್ತದೆ. ಚೆನ್ನೈ, ದೆಹಲಿ, ಕರಾಚಿಗಳಲ್ಲಿ 2010ರಿಂದ 16 ಸಾವಿರಕ್ಕೂ ಹೆಚ್ಚು ಜನರನ್ನು ‘ಕಾರ್ಸ್’ ಅಧ್ಯಯನ ಹಾಗೆ ಹಿಂಬಾಲಿಸಿದೆ. ಅವೆಲ್ಲ ಮಹಾನಗರಗಳು, ಸೇಡಂ, ಚಿಂಚೋಳಿಯ ಹೊಲದಲ್ಲಿ ದುಡಿಯುವವರ ಲೆಕ್ಕ ಅಲ್ಲಿ ಸಿಗುವುದಿಲ್ಲ.

ಹೀಗಿರುವಾಗ ವಿಶ್ವ ಆರೋಗ್ಯ ಸಂಸ್ಥೆಯ ತಂಡ 2019ರಲ್ಲಿ ಮಧ್ಯದ ದಾರಿ ಹಿಡಿಯಿತು. 85 ಅಧ್ಯಯನಗಳ 3,76,177 ಜನರಿಂದ ಅಂಶಗಳ ತೂಕಗಳನ್ನು ಪಡೆದು, ಜಗತ್ತಿನ 21 ಪ್ರದೇಶಗಳಲ್ಲಿ ಆಯಾ ಪ್ರದೇಶದ ರೋಗದ ಪ್ರಮಾಣಕ್ಕೆ ತಕ್ಕಂತೆ ಸೂತ್ರದ ತಳಮಟ್ಟವನ್ನು ಏರಿಸಿ ಇಳಿಸಿ ಹೊಂದಿಸಿತು. ಬಿಪಿ ಏರಿದರೆ ಅಪಾಯ ಎಷ್ಟು ಪಟ್ಟಾಗುತ್ತದೆ ಎಂಬುದು ಜಗತ್ತಿನಾದ್ಯಂತ ಹೆಚ್ಚು ಕಡಿಮೆ ಒಂದೇ, ಆರಂಭದ ಮಟ್ಟ ಮಾತ್ರ ಊರಿನಿಂದ ಊರಿಗೆ ಬೇರೆ ಎಂಬುದು ಅದರ ಹಿಂದಿನ ತರ್ಕ. ಆದರೆ ಆ ಆರಂಭದ ಮಟ್ಟ ನಮಗೆ ಗೊತ್ತಾಗುವುದು ಸಾವಿನ ಕಾರಣಗಳ ದಾಖಲೆಯಿಂದ. ಭಾರತದಲ್ಲಿ 2020ರಲ್ಲಿ ನೋಂದಾಯಿತ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ. ಉಳಿದವು ಸಾವುಗಳಾಗಿ ಎಣಿಕೆಗೆ ಬಂದರೂ ಯಾವುದರಿಂದ ಎಂಬ ಮಾತು ಚೀಟಿಯಲ್ಲಿ ಇರುವುದಿಲ್ಲ. ಇದು ನನ್ನನ್ನು ಯಾವ ಸೂತ್ರದ ದೋಷಕ್ಕಿಂತಲೂ ಹೆಚ್ಚಾಗಿ ಕಾಡುವ ಸಂಗತಿ.

ಎರಡು ಮೂರು ವರ್ಷಗಳ ಪ್ರಬಂಧದಲ್ಲಿ ಹೊಸ ಸೂತ್ರ ಕಟ್ಟಲಾಗದು, ಅದಕ್ಕೆ ಕೈಹಾಕಬೇಡಿ. ಇರುವ ಸೂತ್ರ ನಿಮ್ಮ ಜನರಿಗೆ ಸರಿಹೊಂದುತ್ತದೆಯೇ ಎಂದು ನೋಡುವ ಕೆಲಸವನ್ನು ಆರಂಭಿಸಬಹುದು. ನಿಮ್ಮ ಕಾಲೇಜಿನ ಕ್ಷೇತ್ರ ಕಾರ್ಯದ ಹಳ್ಳಿಗಳಲ್ಲಿ ಐದಾರು ವರ್ಷಗಳ ಹಿಂದೆ ಯಾರಾದರೂ ಬಿಪಿ, ತೂಕ, ತಂಬಾಕಿನ ಸಮೀಕ್ಷೆ ಮಾಡಿದ್ದರೆ ಆ ಕಡತವನ್ನು ಹುಡುಕಿ ತೆಗೆಯಿರಿ. ನೈತಿಕ ಸಮಿತಿಯ ಒಪ್ಪಿಗೆ ಪಡೆದು ಅದೇ ಮನೆಗಳಿಗೆ ಮತ್ತೆ ಹೋಗಿ, ಯಾರಿಗೆ ಹೃದಯಾಘಾತ, ಲಕ್ವ ಆಯಿತು, ಯಾರು ತೀರಿಕೊಂಡರು, ಹೇಗೆ ತೀರಿಕೊಂಡರು ಎಂದು ಮನೆಯವರನ್ನು ಕೇಳಿ ದಾಖಲಿಸಿ. ಗುಳೆ ಹೋದವರನ್ನು ಬಿಟ್ಟುಬಿಡದೆ ಎಂದಿನವರೆಗೆ ಊರಲ್ಲಿದ್ದರು ಎಂಬ ದಿನಾಂಕವನ್ನಾದರೂ ಬರೆದುಕೊಳ್ಳಿ. ಬಳಿಕ ಪ್ರಯೋಗಾಲಯದ ವರದಿ ಬೇಡದ ದಕ್ಷಿಣ ಏಷ್ಯಾ ಪಟ್ಟಿಯಿಂದ ಅಂದಿನ ಅಂಕಿಗಳ ಮೇಲೆ ಅಪಾಯ ಲೆಕ್ಕ ಹಾಕಿ, ಪಟ್ಟಿ ಹತ್ತು ವರ್ಷಕ್ಕೆ ಕೊಡುವ ಅಪಾಯವನ್ನು ನಿಮ್ಮ ಅವಧಿಗೆ ಇಳಿಸಿಕೊಂಡು, ಜನರನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ನಾಲ್ಕೈದು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಸೂತ್ರ ಹೇಳಿದ್ದೆಷ್ಟು, ನಿಜವಾಗಿ ಆದದ್ದೆಷ್ಟು ಎಂದು ಪಕ್ಕಪಕ್ಕದಲ್ಲಿ ಇಡಿ. ಸಂಖ್ಯೆಗಳು ಚಿಕ್ಕವಿದ್ದರೆ ಚಿಕ್ಕವೆಂದೇ ಬರೆಯಿರಿ. ಹೋಗುವ ಪ್ರತಿ ಮನೆಯಲ್ಲೂ ಎರಡು ಫೋನ್ ಸಂಖ್ಯೆ, ಅದರಲ್ಲೊಂದು ಊರಲ್ಲೇ ಉಳಿಯುವ ನೆಂಟರದು, ಬರೆದುಕೊಂಡು ಬಂದರೆ ನಿಮ್ಮ ನಂತರ ಬರುವ ವಿದ್ಯಾರ್ಥಿ ಅದೇ ಜನರನ್ನು ಮತ್ತೆ ಐದು ವರ್ಷಕ್ಕೆ ಹುಡುಕಿಕೊಂಡು ಹೋಗಬಹುದು.